ಉಪಾಹಾರವೂ ಉಪಚಾರವೂ

ಗೃಹಸ್ಥಧರ್ಮಗಳಲ್ಲಿ ಅತಿಥಿಸತ್ಕಾರವು ಮುಖ್ಯವಾದುದೆಂದು ನಮ್ಮ ಹಿರಿಯರು ಎಣಿಸಿದ್ದರು. ಅತಿಥಿಶಬ್ದಕ್ಕೆ ಪಂಡಿತರು ಹೇಳುವ ಅರ್ಥಗಳಲ್ಲಿ ಪ್ರಸಿದ್ಧವಾದುದು, ತಿಥಿಯನ್ನು ಗೊತ್ತುಮಾಡಿಕೊಳ್ಳದೆ ಬರುವವನು ಎಂಬುದು. ಅಂಥವನು ನಡುಹಗಲಲ್ಲೋ ರಾತ್ರಿಯ ಎರಡನೆಯ ಜಾವದಲ್ಲೋ ಬಂದು ಬಾಗಿಲು ತಟ್ಟಿದರೆ, ಮನೆಯಾಕೆಯು ಆರಿದ ಒಲೆಯನ್ನು ಮತ್ತೆ ಹೊತ್ತಿಸಿ, ಇದ್ದುದರಲ್ಲಿಯೇ ಏನನ್ನಾದರೂ ಸಿದ್ಧಪಡಿಸಿ ಬಡಿಸುತ್ತಿದ್ದಳು. ಆ ಅವಸರಕ್ಕೆ ಕಾರಣವಿತ್ತು. ಈಗಲಾದರೋ ಮಗುವಿನ ಹುಟ್ಟುಹಬ್ಬಕ್ಕೋ, ಹೊಸ ಮನೆಗೆ ಬಂದ ಸಂತೋಷಕ್ಕೋ, ಮಗಳಿಗೆ ಕೆಲಸ ದೊರೆತುದಕ್ಕೋ ಸಂಜೆಯ ಹೊತ್ತು ಹತ್ತು ಹದಿನೈದು ಮಂದಿಯನ್ನು ಕರೆಯುವುದು ರೂಢಿಯಾಗಿದೆ. ಇವರು ಅತಿಥಿಗಳಲ್ಲ, ನಿಮಂತ್ರಿತರು. ಇವರು ಬರುವ ತಿಥಿಯೂ ಗೊತ್ತು, ವಾರವೂ ಗೊತ್ತು, ಗಂಟೆಯೂ ಗೊತ್ತು. ಹೀಗಿದ್ದರೂ ಇವರು ಬಂದು ಕುಳಿತ ಮೇಲೆಯೇ ಬಾಣಲೆಯನ್ನು ಒಲೆಯ ಮೇಲಿಡುವ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಕೆಲವು ತಿಂಗಳ ಹಿಂದೆ ಪರಿಚಿತರೊಬ್ಬರ ಮನೆಯಲ್ಲಿ ಮೊಮ್ಮಗಳ ನಾಲ್ಕನೆಯ ಹುಟ್ಟುಹಬ್ಬಕ್ಕೆ ಹೋಗಿದ್ದೆನು. ಮೆಣಸಿನಕಾಯಿ ಬಜ್ಜಿ, ಹೀರೇಕಾಯಿ ಬಜ್ಜಿ, ಆಲೂಗಡ್ಡೆ ಬೋಂಡ ಇವು ಒಂದಾದ ಮೇಲೊಂದು ಬಿಸಿಬಿಸಿಯಾಗಿ ಬರುತ್ತಲೇ ಇದ್ದುವು. ಎಲ್ಲರೂ ಹೊಗಳಿ ತಿಂದೆವು. ಆ ಮನೆಯ ಯಜಮಾನಿತಿಯಾದರೋ ಅಡಿಗೆಮನೆಯ ಬಾಗಿಲ ಮರೆಯಿಂದ ತಟ್ಟೆಯನ್ನು ಚಾಚುವ ಒಂದು ಕೈಯಾಗಿ ಮಾತ್ರ ನಮಗೆ ಕಾಣಿಸಿದರು. ವಾರವಾದ ಮೇಲೆ ಅಂದಿನ ಛಾಯಾಚಿತ್ರಗಳನ್ನು ಅವರು ನನಗೆ ತೋರಿಸುತ್ತಿರುವಾಗ, ಮಗುವು ತಾನೂ ಬಗ್ಗಿ ನೋಡಿ, ಒಬ್ಬೊಬ್ಬರನ್ನೇ ಬೆರಳಿಟ್ಟು ಹೆಸರಿಸುತ್ತ ಬಂದು, “ಅಜ್ಜಿ ಎಲ್ಲಿ?” ಎಂದು ಕೇಳಿತು. ನಲವತ್ತು ಚಿತ್ರಗಳಲ್ಲಿ ಒಂದರಲ್ಲಿಯೂ ಅಜ್ಜಿ ಇರಲಿಲ್ಲ. ಆ ಪ್ರಶ್ನೆಗೆ ಅಲ್ಲಿದ್ದ ಹಿರಿಯರು ಯಾರೂ ಉತ್ತರವನ್ನು ಹೇಳಲಿಲ್ಲ.

ಇದು ಆ ಒಂದು ಮನೆಯ ಸಂಗತಿಯೆಂದು ವಾಚಕರು ಭಾವಿಸಬಾರದು. ಬಹುಮಟ್ಟಿಗೆ ನಮ್ಮೆಲ್ಲರ ಮನೆಗಳ ಕಥೆಯೂ ಇದೇ. ಇದಕ್ಕೆ ಶಾಸ್ತ್ರದ ಬೆಂಬಲವುಂಟೆಂದು ಕೆಲವರು ಹೇಳುವರು. ಆದಕಾರಣ ಶಾಸ್ತ್ರವೇನು ಹೇಳಿದೆಯೆಂಬುದನ್ನು ತುಸು ನೋಡೋಣ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ಬಂದವರೂ ಮನೆಯ ಆಳುಕಾಳುಗಳೂ ಉಂಡ ತರುವಾಯ ಮಿಕ್ಕುದನ್ನು ಉಣ್ಣತಕ್ಕವರು ಯಾರೆಂಬುದನ್ನು ಹೇಳಿದೆ. ಅಲ್ಲಿರುವ ಪದವು “ದಂಪತೀ” ಎಂಬುದು. ಅದು ದ್ವಿವಚನ, ಕ್ರಿಯಾಪದವೂ ದ್ವಿವಚನದಲ್ಲಿಯೇ ಇದೆ. ಎಂದರೆ ಗಂಡನೂ ಹೆಂಡತಿಯೂ ಇಬ್ಬರೂ ಕೊನೆಯಲ್ಲಿ ಉಣ್ಣಬೇಕೆಂದಾಯಿತು. ನಾವು ಆ ದ್ವಿವಚನವನ್ನು ಏಕವಚನವಾಗಿ ಮಾಡಿ, ಗಂಡನನ್ನು ಬಂದವರ ಪಂಕ್ತಿಯಲ್ಲಿ ಕೂರಿಸಿ, ಹೆಂಡತಿಯೊಬ್ಬಳನ್ನೇ ಕೊನೆಗೆ ಉಳಿಸಿದ್ದೇವೆ. ಅದೇ ಅಧ್ಯಾಯದಲ್ಲಿ, ಹೊಸದಾಗಿ ಮದುವೆಯಾದವರು, ಕನ್ಯೆಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತ ಮೊದಲೇ ಬಡಿಸಬೇಕೆಂದು ವಿಧಿಸಿದೆ. ಇದನ್ನು ನೆನಪಿನಲ್ಲಿಟ್ಟವರು ಎಷ್ಟು ಮಂದಿ?

ಈ ಲೇಖನದಲ್ಲಿ ನಾನು ಹೇಳತಕ್ಕ ಮಾತು ಒಂದೇ. ಸಂಜೆಯ ಸಂತೋಷಕೂಟಕ್ಕೆ ಆರಿಸುವ ತಿಂಡಿಗಳು, ಮಾಡಿದವರೂ ಎಲ್ಲರೊಡನೆ ಕುಳಿತು ತಿನ್ನಲು ಎಡೆಗೊಡುವಂತಹವಾಗಿರಬೇಕು. ಇದು ಆಗದ ಮಾತಲ್ಲ. ತಿಂಡಿಯ ಸ್ವಭಾವವನ್ನು ತಿಳಿದು, ಯಾವುದನ್ನು ಎಂದು ಮಾಡಬೇಕೆಂಬ ಕ್ರಮವನ್ನು ಅನುಸರಿಸಿದರೆ ಇದು ಸುಲಭಸಾಧ್ಯವಾಗುವುದು.

ಹಳೆಯ ಗ್ರಂಥಗಳ ಸಾಕ್ಷ್ಯ

ಉಪಾಹಾರವೆಂಬುದು ಈಚಿನ ಕಾಲದ ವಿಲಾಸವಲ್ಲ. ಸುಟ್ಟು ಮಾಡುವ ತಿಂಡಿಯೂ ನಮಗೆ ಹೊರಗಿನದಲ್ಲ. ಇಮ್ಮಡಿ ಚಾವುಂಡರಾಯನು ೧೦೨೫ರ ಸುಮಾರಿನಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ವೈದ್ಯ ಇವುಗಳ ಸಾಲಿನಲ್ಲಿಯೇ ಅಡಿಗೆಯ ವಿಷಯವೂ ಬಂದಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಇಡ್ಡರಿಕಾ, ಧೋಸಕ, ವಟಕ, ಪೂರಿಕಾ ಎಂಬ ಹೆಸರುಗಳನ್ನು ಕಂಡರೆ, ನಮ್ಮ ಇಡ್ಡಲಿ, ದೋಸೆ, ವಡೆ, ಪೂರಿಗಳು ವೇಷ ಬದಲಿಸಿ ನಿಂತಂತೆ ತೋರುವುದು. ಅಲ್ಲಿಯೇ, ಬೋರಲು ಹಾಕಿದ ಮಣ್ಣಿನ ಪಾತ್ರೆಯ ಬೆನ್ನಿನ ಮೇಲೆ ಗೋಧಿಯ ಕಣಕವನ್ನು ಹರಡಿ ಬೇಯಿಸುವ ಮಂಡಕವೂ, ಕೆಂಡದ ಮೇಲೆ ಸುಡುವ ಅಂಗಾರಪೋಲಿಕೆಯೂ ಉಂಟು. ಬೆಳಗಾವಿಯ ಕಡೆಯಲ್ಲಿ ಇಂದಿಗೂ ಮದುವೆಗಳಲ್ಲಿ ಮಾಡುವ ಮಂಡಿಗೆಯನ್ನು ಬೋರಲು ಪಾತ್ರೆಯ ಮೇಲೆಯೇ ಬೇಯಿಸುವರು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ಪಾಕಶಾಸ್ತ್ರವನ್ನೇ ವಸ್ತುವಾಗಿಟ್ಟುಕೊಂಡು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು, ಅದರಲ್ಲಿ ಪಿಷ್ಟಪಾಕಕ್ಕೆ, ಎಂದರೆ ಹಿಟ್ಟಿನ ತಿಂಡಿಗಳಿಗೆ, ಮೊದಲ ಸ್ಥಾನ.

ಈ ಮೂವರೂ ಗಂಡಸರೆಂಬುದನ್ನು ವಾಚಕರು ಗಮನಿಸಬೇಕು. ವಡೆಯ ಹದವನ್ನು ಬರೆಯುವುದು ತನ್ನ ಕಿರೀಟಕ್ಕೆ ಕುಂದೆಂದು ಸೋಮೇಶ್ವರನು ತಿಳಿಯಲಿಲ್ಲ. ರುಚಿಯಾದ ಅಡಿಗೆಯನ್ನು ಹೊಗಳಬೇಕಾದಾಗ ಇಂದಿಗೂ ನಾವು ನಳಪಾಕವೆಂದೋ ಭೀಮಪಾಕವೆಂದೋ ಹೇಳುತ್ತೇವೆ. ನಳನು ನಿಷಧದ ಅರಸು. ಭೀಮನು ವಿರಾಟನ ಅಡಿಗೆಮನೆಯಲ್ಲಿ ಒಂದು ವರ್ಷ ಸೌಟು ಹಿಡಿದವನು. ಬಾಯಲ್ಲಿ ಈ ಹೆಸರುಗಳನ್ನು ಆಡುತ್ತ, ಕಣಕ ಕಲಸುವುದಕ್ಕೆ ಕರೆದರೆ ವರ್ತಮಾನಪತ್ರಿಕೆಯ ಹಿಂದೆ ಅಡಗುವುದು ನಮಗೆ ಒಪ್ಪುವುದೇ?

ನೀರೇ ನಿರ್ಣಾಯಕ

ಕೂಟದ ತಿಂಡಿಗಳನ್ನು ಆರಿಸುವುದಕ್ಕೆ ಒಂದು ಸುಲಭವಾದ ಸೂತ್ರವನ್ನು ಹೇಳುವೆನು. ತಿಂಡಿಯಲ್ಲಿ ನೀರಿನ ಅಂಶ ಎಷ್ಟಿದೆಯೆಂಬುದನ್ನು ನೋಡಬೇಕು. ನೀರು ಕಡಮೆಯಿದ್ದಷ್ಟೂ ತಿಂಡಿ ಹೆಚ್ಚು ದಿನ ಬಾಳುವುದು; ನೀರು ಹೆಚ್ಚಿದಷ್ಟೂ ಅದನ್ನು ತಿನ್ನುವ ಹೊತ್ತಿಗೆ ಹತ್ತಿರವಾಗಿ ಮಾಡಬೇಕಾಗುವುದು. ಬಜ್ಜಿಯು ಬಾಣಲೆಯಿಂದ ತೆಗೆದಾಗ ಗರಿಗರಿಯಾಗಿದ್ದು ಕಾಲು ಗಂಟೆಯಲ್ಲಿ ಮೆತ್ತಗಾಗುವುದೇಕೆ? ಒಳಗಿರುವ ತರಕಾರಿಯ ನೀರು ಹಬೆಯಾಗಿ ಹೊರಟು ಮೇಲಿನ ಹೊದಿಕೆಯನ್ನು ನೆನೆಸುವುದರಿಂದ. ಆದುದರಿಂದಲೇ ಬಜ್ಜಿಯನ್ನು ಮಾಡುವವರಿಗೆ ಒಲೆಯನ್ನು ಬಿಟ್ಟು ಏಳುವ ಯೋಗವಿಲ್ಲ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳಲ್ಲಾದರೋ ನೀರೆಲ್ಲವೂ ಎಣ್ಣೆಯಲ್ಲಿಯೇ ಆರಿಹೋಗುವುದರಿಂದ ಅವು ಡಬ್ಬಿಯಲ್ಲಿ ವಾರಗಟ್ಟಲೆ ಗರಿಯಾಗಿ ಉಳಿಯುವುವು.

ಇದರಂತೆ ತಿಂಡಿಗಳನ್ನು ಮೂರು ವರ್ಗ ಮಾಡಬಹುದು. ನೀರಿಲ್ಲದವು ಮೊದಲನೆಯ ವರ್ಗ: ಬಿಸ್ಕತ್ತು, ಹುರಿದ ಕಾಳು, ನಿಪ್ಪಟ್ಟು ಮುಂತಾದವು. ಇವನ್ನು ಎರಡು ಮೂರು ದಿನ ಮೊದಲೇ ಮಾಡಿಡಬಹುದು. ನೀರು ಮಿತವಾಗಿರುವವು ಎರಡನೆಯ ವರ್ಗ: ಕೇಕು ಮೊದಲಾದವು. ಇವು ಹಿಂದಿನ ದಿನದವು. ನೀರೇ ಪ್ರಧಾನವಾದ ಕೋಸಂಬರಿ ಮುಂತಾದವು ಮೂರನೆಯ ವರ್ಗ. ಇವನ್ನು ಅದೇ ಗಳಿಗೆಯಲ್ಲಿ ಕಲಸತಕ್ಕದ್ದು. ಆದರೆ ಇವಕ್ಕೆ ಒಲೆಯ ಕೆಲಸ ಐದು ನಿಮಿಷವೂ ಇರದು. ಒಂದೊಂದು ವರ್ಗದಿಂದ ಒಂದೆರಡನ್ನು ಆರಿಸಿಕೊಂಡರೆ ಖಾರ, ಸಿಹಿ, ಹುಳಿ ಮೂರೂ ಒದಗುವುವು. ಹದಿನೈದು ಮಂದಿಗೆ ಸಾಕಾಗುವ ಐದು ತಿಂಡಿಗಳ ವಿಧಾನವನ್ನು ಕೆಳಗೆ ಕೊಟ್ಟಿದೆ. ಸಣ್ಣ ಚಮಚವೆಂದರೆ ೫ ಮಿಲಿಲೀಟರು, ದೊಡ್ಡ ಚಮಚವೆಂದರೆ ೧೫ ಮಿಲಿಲೀಟರು ಹಿಡಿಸುವುದೆಂದು ತಿಳಿಯತಕ್ಕದ್ದು.

ಮಸಾಲೆ ಕಡಲೆಕಾಯಿ ಬೀಜ

ಬೆಂಗಳೂರಿನ ಬೇಕರಿಗಳಲ್ಲಿ ‘ಕಾಂಗ್ರೆಸ್ ಕಡಲೆಕಾಯಿ’ ಎಂಬ ಹೆಸರಿನಿಂದ ಮಾರುವ ಈ ತಿಂಡಿಯನ್ನು ಹತ್ತು ವರ್ಷದ ಮಕ್ಕಳೂ ಹಿರಿಯರ ಕಣ್ಮುಂದೆ ಮಾಡಬಲ್ಲರು. ೩೦೦ ಗ್ರಾಂ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕೈಬಿಡದೆ ಹುರಿದು, ಆರಿದ ಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿ, ಸಿಪ್ಪೆಯನ್ನು ಕೇರಿ, ಬೇಳೆಯಾಗಿ ಒಡೆದುಕೊಳ್ಳಬೇಕು. ಒಂದು ದೊಡ್ಡ ಚಮಚ ತುಪ್ಪವನ್ನು ಕಾಯಿಸಿ ಒಂದು ಹಿಡಿ ಕರಿಬೇವನ್ನು ಗರಿಯಾಗುವಂತೆ ಹುರಿದು, ಚಿಟಿಕೆ ಇಂಗು, ಕಾಲು ಚಮಚ ಅರಿಸಿನವನ್ನು ಹಾಕಿ, ಒಲೆಯನ್ನು ಆರಿಸಿದ ಮೇಲೆಯೇ ಒಂದು ಸಣ್ಣ ಚಮಚ ಮೆಣಸಿನಕಾಯಿ ಪುಡಿ, ಅರ್ಧ ಚಮಚ ಕರಿಮೆಣಸಿನ ಪುಡಿ, ಒಂದು ಸಣ್ಣ ಚಮಚ ಪುಡಿಯುಪ್ಪನ್ನು ಸೇರಿಸತಕ್ಕದ್ದು. ಉರಿಯ ಮೇಲಿರುವಾಗಲೇ ಹಾಕಿದರೆ ಮೆಣಸಿನಕಾಯಿ ಪುಡಿಯು ಸೀದು ಕಹಿಯಾಗುವುದು. ಬಳಿಕ ಬೀಜವನ್ನು ಸುರಿದು ಕಲಸಿ, ಚೆನ್ನಾಗಿ ಆರಿದ ಮೇಲೆ ಡಬ್ಬಿಗೆ ತುಂಬಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಬೀಜಗಳು ಗಂಟಲಲ್ಲಿ ಸಿಕ್ಕುವ ಭಯವಿರುವುದರಿಂದ ಅವರ ಕೈಗೆ ಇದನ್ನು ಕೊಡಬಾರದು.

ಖಾರದ ಬಿಸ್ಕತ್ತು

ಬಿಸ್ಕತ್ತೆಂಬ ಶಬ್ದದ ಮೂಲವು ಲ್ಯಾಟಿನ್ ಭಾಷೆಯದು. ಎರಡು ಸಲ ಬೇಯಿಸಿದ್ದು ಎಂದು ಅದರ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ದ್ವಿಪಕ್ವ’. ಈ ಅರ್ಥವು ಈಗ ರಸ್ಕಿಗೆ ಹೊಂದುವುದೇ ಹೊರತು ಬಿಸ್ಕತ್ತಿಗಲ್ಲ. ಬಿಸ್ಕತ್ತು ಒಂದೇ ಪಾಕದಿಂದ ಸಿದ್ಧವಾಗುವುದು. ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿಯು ಪ್ರಾರಂಭವಾದಂದಿನಿಂದ, ಹಾಸನದ ಕಡೆಯ ಅಯ್ಯಂಗಾರ್ ಮನೆತನದವರು ಮೊಟ್ಟೆಯಿಲ್ಲದ ಬೇಕರಿ ತಿಂಡಿಗಳನ್ನು ನಮ್ಮ ನಾಡಿನ ನಾಲಗೆಗೆ ಹೊಂದಿಸಿದರು. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಗಳು ಬಿಸ್ಕತ್ತಿನೊಳಗೆ ಸೇರಿ ಪರದೇಶದ ಪದಾರ್ಥವು ಮನೆಯ ಮಗುವಾಯಿತು.

ಇದಕ್ಕೆ ೨೦೦ ಗ್ರಾಂ ಮೈದಾಹಿಟ್ಟಿಗೆ ಅರ್ಧ ಸಣ್ಣ ಚಮಚ ಬೇಕಿಂಗ್ ಪೌಡರನ್ನೂ ಮುಕ್ಕಾಲು ಚಮಚ ಉಪ್ಪನ್ನೂ ಸೇರಿಸಿ ಜರಡಿ ಹಿಡಿಯಬೇಕು. ೧೦೦ ಗ್ರಾಂ ತಣ್ಣನೆಯ ಬೆಣ್ಣೆಯನ್ನು ಚೂರುಮಾಡಿ ಹಾಕಿ, ಬೆರಳ ತುದಿಗಳಿಂದ ಉಜ್ಜಿ, ಒರಟು ರವೆಯಂತೆ ಮಾಡಿಕೊಳ್ಳಬೇಕು. ಸಣ್ಣಗೆ ಹೆಚ್ಚಿದ ನಾಲ್ಕು ಹಸಿಮೆಣಸಿನಕಾಯಿ, ಒಂದು ಅಂಗುಲ ಶುಂಠಿ, ಒಂದು ಎಸಳು ಕರಿಬೇವು, ಎರಡು ದೊಡ್ಡ ಚಮಚ ಕೊತ್ತಂಬರಿ ಸೊಪ್ಪು, ಒಂದು ದೊಡ್ಡ ಚಮಚ ಸಕ್ಕರೆ ಪುಡಿ ಇವನ್ನು ಬೆರಸಿ, ಎರಡು ಅಥವಾ ಮೂರು ದೊಡ್ಡ ಚಮಚ ಮೊಸರಿನಿಂದ ಹಿಟ್ಟು ಒಂದುಗೂಡುವಷ್ಟು ಮಾತ್ರ ಕಲಸತಕ್ಕದ್ದು. ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಆರಿಸಿರಬೇಕು. ಇಲ್ಲವಾದರೆ ನೀರು ಸೇರಿ ಬಿಸ್ಕತ್ತು ಬಿರುಸಾಗುವುದು. ಅರ್ಧ ಗಂಟೆ ತಂಪಾದ ಸ್ಥಳದಲ್ಲಿಟ್ಟು, ಅರ್ಧ ಸೆಂಟಿಮೀಟರು ದಪ್ಪಕ್ಕೆ ಲಟ್ಟಿಸಿ, ಸಣ್ಣ ಬಟ್ಟಲಿನ ಅಂಚಿನಿಂದ ಬಿಲ್ಲೆಗಳಾಗಿ ಕತ್ತರಿಸಿ, ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ೧೮೦ ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ ಇಪ್ಪತ್ತು ನಿಮಿಷ, ಅಂಚು ಕೆಂಪಗಾಗುವವರೆಗೆ ಬೇಯಿಸಬೇಕು. ಸುಮಾರು ಮೂವತ್ತು ಬಿಸ್ಕತ್ತುಗಳಾಗುವುವು.

ಚಪಾತಿಯ ಕಣಕವನ್ನು ನಾದಿದಷ್ಟೂ ಒಳ್ಳೆಯದು. ಬಿಸ್ಕತ್ತಿನ ಹಿಟ್ಟನ್ನು ನಾದಿದಷ್ಟೂ ಕೆಟ್ಟದು. ಈ ಭೇದಕ್ಕೆ ಕಾರಣವನ್ನು ತಿಳಿದವರು ಹದವನ್ನು ತಪ್ಪರು. ಗೋಧಿಯ ಹಿಟ್ಟಿನಲ್ಲಿರುವ ಸಸಾರಜನಕವು ನೀರಿನೊಡನೆ ಕೂಡಿ ನಾದಿಸಿಕೊಂಡಾಗ ಗ್ಲೂಟೆನ್ ಎಂಬ ಎಳೆಯುಳ್ಳ ಬಲೆಯಾಗುವುದು. ಚಪಾತಿ ಹರಿಯದೆ ಹಿಗ್ಗುವುದು ಇದರಿಂದಲೇ. ಬಿಸ್ಕತ್ತಿಗೆ ಈ ಬಲೆ ಬೇಡ. ಅದು ಬಾಯಲ್ಲಿ ಪುಡಿಯಾಗಬೇಕು. ಮೊದಲೇ ಉಜ್ಜಿದ ಬೆಣ್ಣೆಯು ಹಿಟ್ಟಿನ ಕಣಗಳಿಗೆ ಹೊದಿಕೆಯಾಗಿ ನಿಂತು, ನೀರು ಒಳಹೊಕ್ಕು ಬಲೆ ನೇಯದಂತೆ ತಡೆಯುವುದು.

ನಾನ್‌ಖಟಾಯಿ

‘ನಾನ್’ ಎಂದರೆ ಪಾರಸಿಯಲ್ಲಿ ರೊಟ್ಟಿ. ಸೂರತ್ತಿನ ಬೇಕರಿಗಳಿಂದ ಹೆಸರುಗೊಂಡು ದೇಶವನ್ನೆಲ್ಲ ವ್ಯಾಪಿಸಿದ ಈ ಸಿಹಿ ಬಿಸ್ಕತ್ತಿಗೆ ನೀರಾಗಲಿ ಹಾಲಾಗಲಿ ಬೇಕಿಲ್ಲ. ತುಪ್ಪವೇ ಇದರ ಬಂಧ. ಮರಳುಮರಳಾಗಿ ಗಟ್ಟಿಯಾದ ೧೨೦ ಗ್ರಾಂ ತುಪ್ಪವನ್ನೂ ೧೦೦ ಗ್ರಾಂ ಸಕ್ಕರೆ ಪುಡಿಯನ್ನೂ ಅಗಲವಾದ ಪಾತ್ರೆಯಲ್ಲಿ ಹಾಕಿ, ಅಂಗೈಯಿಂದ ಒಂದೇ ಕಡೆಗೆ ಏಳೆಂಟು ನಿಮಿಷ ತಿಕ್ಕಬೇಕು. ಮಿಶ್ರಣವು ಬಿಳುಪಾಗಿ ಹಗುರವಾಗುವುದು. ಗಾಳಿಯು ಅದರಲ್ಲಿ ಸೇರಿತೆಂಬುದಕ್ಕೆ ಇದು ಗುರುತು. ತುಪ್ಪ ಕರಗಿ ನೀರಾಗಿದ್ದರೆ ಗಾಳಿಯು ನಿಲ್ಲದು. ಆಮೇಲೆ ೧೫೦ ಗ್ರಾಂ ಮೈದಾ, ೨೫ ಗ್ರಾಂ ಕಡಲೆಹಿಟ್ಟು, ೨೫ ಗ್ರಾಂ ಚಿರೋಟಿ ರವೆ, ಕಾಲು ಸಣ್ಣ ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಏಲಕ್ಕಿ ಪುಡಿ ಇವನ್ನು ಜರಡಿ ಹಿಡಿದು ಸೇರಿಸಿ, ಮೃದುವಾಗಿ ಒತ್ತಿ ಒಂದುಗೂಡಿಸಿ, ಇಪ್ಪತ್ತನಾಲ್ಕು ಉಂಡೆಗಳಾಗಿ ಮಾಡಿ, ತುಸು ಚಪ್ಪಟೆ ಮಾಡಿ, ನಡುವೆ ಎರಡು ಬೆರಳಷ್ಟು ಎಡೆಬಿಟ್ಟು ತಟ್ಟೆಯಲ್ಲಿ ಜೋಡಿಸತಕ್ಕದ್ದು.

೧೬೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಿನಾರರಿಂದ ಹದಿನೆಂಟು ನಿಮಿಷ ಬೆಂದರೆ ಸಾಕು. ಹೊರತೆಗೆದಾಗ ಮುಟ್ಟಿದರೆ ಮೆತ್ತಗಿರುವುದನ್ನು ಕಂಡು, ಬೆಂದಿಲ್ಲವೆಂದು ಮತ್ತೆ ಒಳಗಿಡುವವರುಂಟು. ಹಾಗೆ ಮಾಡಬಾರದು. ಬಿಸಿಯಲ್ಲಿ ತುಪ್ಪ ಕರಗಿರುವುದರಿಂದ ಅದು ಮೆತ್ತಗಿರುವುದು; ಆರುತ್ತ ಆರುತ್ತ ತಾನಾಗಿಯೇ ಗಟ್ಟಿಯಾಗುವುದು. ಆದರೆ ಪೂರ್ಣವಾಗಿ ಆರದೆ ಡಬ್ಬಿಯ ಮುಚ್ಚಳ ಹಾಕಿದರೆ ಒಳಗಿನ ಹಬೆಯೇ ನೀರಾಗಿ ಎಲ್ಲವನ್ನೂ ಕೆಡಿಸುವುದು.

ರವೆಯ ಕೇಕು

ಮೊಟ್ಟೆಯನ್ನು ಬಳಸದ ಮನೆಗಳಲ್ಲಿ ಕೇಕು ಉಬ್ಬುವುದೆಂತೆಂಬ ಸಂದೇಹವು ಅನೇಕರಿಗುಂಟು. ಮೊಸರಿನ ಹುಳಿಯೂ ಸೋಡದ ಕ್ಷಾರವೂ ಕೂಡಿದಾಗ ಇಂಗಾಲಾಮ್ಲ ವಾಯುವು ಹುಟ್ಟಿ, ಅದರ ಗುಳ್ಳೆಗಳು ಹಿಟ್ಟನ್ನು ಎತ್ತಿ ಹಿಡಿಯುವುವು. ಈ ಉಬ್ಬು ಬಹಳ ಹೊತ್ತು ನಿಲ್ಲದು. ಆದಕಾರಣ ಸೋಡವನ್ನು ಕಡೆಯಲ್ಲಿ ಹಾಕಿ ಒಡನೆಯೇ ಬೇಯಿಸುವುದು ಇದರ ಗುಟ್ಟು.

೨೦೦ ಗ್ರಾಂ ಚಿರೋಟಿ ರವೆ, ೨೦೦ ಗ್ರಾಂ ಮೊಸರು, ೧೫೦ ಗ್ರಾಂ ಸಕ್ಕರೆ, ೭೫ ಗ್ರಾಂ ಕರಗಿಸಿದ ಬೆಣ್ಣೆ ಇವನ್ನು ಕಲಸಿ ಅರ್ಧ ಗಂಟೆ ನೆನೆಯಲು ಬಿಡಬೇಕು. ರವೆಯು ನೀರನ್ನು ಹೀರಿ ಅರಳಿದ ಮೇಲೆ ೧೦೦ ಮಿಲಿಲೀಟರು ಹಾಲು, ಚಿಟಿಕೆ ಉಪ್ಪು, ಅರ್ಧ ಚಮಚ ಏಲಕ್ಕಿ ಪುಡಿಯನ್ನು ಸೇರಿಸಿ, ಕೊನೆಗೆ ಒಂದು ಸಣ್ಣ ಚಮಚ ಬೇಕಿಂಗ್ ಪೌಡರು, ಕಾಲು ಚಮಚ ಅಡಿಗೆ ಸೋಡ ಹಾಕಿ, ಹತ್ತು ಹನ್ನೆರಡು ಸುತ್ತು ತಿರುವಿ ನಿಲ್ಲಿಸಬೇಕು. ಬೆಣ್ಣೆ ಸವರಿದ, ೨೦ ಸೆಂಟಿಮೀಟರು ಅಗಲದ ತಟ್ಟೆಗೆ ಸುರಿದು ಮೇಲೆ ಗೋಡಂಬಿ, ದ್ರಾಕ್ಷಿಯನ್ನು ಉದುರಿಸಿ, ೧೮೦ ಡಿಗ್ರಿ ಶಾಖದಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸತಕ್ಕದ್ದು. ನಡುವೆ ಚುಚ್ಚಿದ ಕಡ್ಡಿಗೆ ಹಸಿಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಬೇಕು. ಮರುದಿನಕ್ಕೆ ಇದು ಇನ್ನೂ ಮೃದುವಾಗುವುದು. ಹದಿನಾರು ತುಂಡುಗಳಾಗಿ ಕತ್ತರಿಸಬಹುದು.

ಓವನ್ ಇಲ್ಲದವರು ಚಿಂತಿಸಬೇಕಿಲ್ಲ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಂದು ಬೆರಳು ದಪ್ಪಕ್ಕೆ ಒಣಗಿದ ಮರಳನ್ನಾಗಲಿ ಉಪ್ಪನ್ನಾಗಲಿ ಹರಡಿ, ಅದರ ಮೇಲೊಂದು ಕುಕ್ಕೆಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಅದರ ಮೇಲಿರಿಸಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಹೊತ್ತು ಕೊಂಚ ಹೆಚ್ಚು ಹಿಡಿಯುವುದು. ಕುಕ್ಕರನ್ನೇ ಈ ಕೆಲಸಕ್ಕೆ ಬಳಸುವವರು ಮುಚ್ಚಳದ ರಬ್ಬರ್ ಬಳೆಯನ್ನೂ ಮೇಲಿನ ತೂಕವನ್ನೂ ತಪ್ಪದೆ ತೆಗೆದಿಡಬೇಕು. ಸೋಮೇಶ್ವರನ ಬೋರಲು ಪಾತ್ರೆಗಿಂತ ಇದು ಕಷ್ಟದ ಉಪಾಯವೇನೂ ಅಲ್ಲ.

ಕೋಸಂಬರಿ

ಹಸಿವನ್ನು ಕೆರಳಿಸುವ ಪದಾರ್ಥಗಳನ್ನು ಆಯುರ್ವೇದದಲ್ಲಿ ದೀಪನವೆಂದು ಕರೆಯುವರು. ಜಠರಾಗ್ನಿಯನ್ನು ಬೆಳಗಿಸುವುದೆಂದು ಅರ್ಥ. ಊಟಕ್ಕೆ ಮೊದಲು ಉಪ್ಪು ಹಚ್ಚಿದ ಹಸಿಶುಂಠಿಯ ಚೂರನ್ನು ತಿನ್ನಬೇಕೆಂದು ವೈದ್ಯಗ್ರಂಥಗಳಲ್ಲಿ ಹೇಳಿದೆ. ಶುಂಠಿ, ನಿಂಬೆ, ಇಂಗು ಮೂರೂ ಸೇರುವ ಕೋಸಂಬರಿಯು ಈ ಕೆಲಸಕ್ಕೆ ಅತ್ಯುತ್ತಮವಾದುದು. ೨೫೦ ಗ್ರಾಂ ಹೆಸರುಬೇಳೆಯನ್ನು ತೊಳೆದು ಒಂದು ಗಂಟೆ ನೆನೆಸಿ, ನೀರನ್ನು ಪೂರ್ಣವಾಗಿ ಬಸಿದು, ಸಣ್ಣಗೆ ಹೆಚ್ಚಿದ ಎರಡು ಸೌತೆಕಾಯಿ, ಒಂದು ಬಟ್ಟಲು ತೆಂಗಿನ ತುರಿ, ಮೂರು ಹಸಿಮೆಣಸಿನಕಾಯಿ, ಒಂದು ಅಂಗುಲ ಶುಂಠಿಯ ತುರಿ, ಕೊತ್ತಂಬರಿ ಸೊಪ್ಪು ಇವನ್ನು ಸೇರಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಉಪ್ಪನ್ನೂ ನಿಂಬೆಯ ರಸವನ್ನೂ ಬಡಿಸುವ ಗಳಿಗೆಯಲ್ಲಿಯೇ ಹಾಕತಕ್ಕದ್ದು. ಮೊದಲೇ ಹಾಕಿದರೆ ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಹೊರಗೆಳೆದು ಕೋಸಂಬರಿಯು ಸಾರಾಗುವುದು. ಕಲಸಿದ ಎರಡು ಗಂಟೆಗಳೊಳಗೆ ಇದನ್ನು ಮುಗಿಸಬೇಕು. ಸಣ್ಣ ದೊನ್ನೆಗಳಲ್ಲಿ ಕೊಟ್ಟರೆ ನಿಂತು ಮಾತಾಡುವವರಿಗೂ ಅನುಕೂಲ. ಒಂದೊಂದು ಚಮಚವನ್ನು ನಿಪ್ಪಟ್ಟಿನ ಮೇಲಿಟ್ಟು ಕೊಟ್ಟರೆ ಮಕ್ಕಳು ಬೇಡವೆನ್ನರು.

ಕೆಲಸದ ಕ್ರಮ

ಶನಿವಾರ ಸಂಜೆ ಐದು ಗಂಟೆಗೆ ಕೂಟವೆಂದು ಇಟ್ಟುಕೊಳ್ಳೋಣ. ಗುರುವಾರ ರಾತ್ರಿ ಊಟವಾದ ಮೇಲೆ ಕಡಲೆಕಾಯಿ ಬೀಜವನ್ನು ಹುರಿದಿಡುವುದು. ಶುಕ್ರವಾರ ಸಂಜೆ ಎರಡು ಬಗೆಯ ಬಿಸ್ಕತ್ತುಗಳು. ಖಾರದ ಹಿಟ್ಟು ತಂಪಿನಲ್ಲಿರುವ ಅರ್ಧ ಗಂಟೆಯಲ್ಲಿ ನಾನ್‌ಖಟಾಯಿಯ ಉಂಡೆ ಕಟ್ಟಬಹುದು. ಅದೇ ರಾತ್ರಿ ಓವನ್ ಬಿಸಿಯಾಗಿರುವಾಗಲೇ ಕೇಕು. ಶನಿವಾರ ಮೂರು ಗಂಟೆಗೆ ಬೇಳೆಯನ್ನು ನೆನೆಹಾಕಿ, ನಾಲ್ಕಕ್ಕೆ ಬಸಿದು, ತರಕಾರಿ ಹೆಚ್ಚಿ ಒಗ್ಗರಣೆ ಕೊಟ್ಟರೆ ನಾಲ್ಕೂವರೆಗೆ ಅಡಿಗೆಮನೆಯ ಕೆಲಸ ಮುಗಿಯಿತು. ಉಳಿದ ಅರ್ಧ ಗಂಟೆಯು ಮನೆಯಾಕೆಯದು: ಮುಖ ತೊಳೆದು, ಹೂ ಮುಡಿದು, ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತು ಬಂದವರನ್ನು ತಾನೇ ಎದುರುಗೊಳ್ಳಲಿ.

“ಬಿಸಿಯಾದ ತಿಂಡಿಯೊಂದಾದರೂ ಇಲ್ಲದಿದ್ದರೆ ಬಂದವರು ಏನೆಂದಾರು?” ಎಂದು ಹಿರಿಯರು ಕೇಳಬಹುದು. ಬಿಸಿ ಬೇಕಾದರೆ ಕಾಫಿಯುಂಟು, ಶುಂಠಿ ಕಷಾಯವುಂಟು. ಬಜ್ಜಿಯೇ ಬೇಕೆಂಬ ಹಟವಿರುವ ಮನೆಗಳಲ್ಲಿ, ಆ ಹಟವನ್ನು ಹಿಡಿದವರೇ ಬಾಣಲೆಯ ಮುಂದೆ ನಿಲ್ಲುವುದು ನ್ಯಾಯ. ಬಂದವರು ಅಷ್ಟು ದೂರದಿಂದ ಬಂದುದು ಬಜ್ಜಿಗಾಗಿ ಅಲ್ಲ. ಅದು ಬೀದಿಯ ಕೊನೆಯಲ್ಲಿಯೂ ದೊರೆಯುವುದು. ಮನೆಯವರ ಮುಖ ನೋಡಿ ನಾಲ್ಕು ಮಾತಾಡಬೇಕೆಂದು ಅವರು ಬಂದಿರುವರು. ಆ ಮುಖಗಳಲ್ಲಿ ಮುಖ್ಯವಾದುದನ್ನೇ ಹೊಗೆಯ ಹಿಂದೆ ಮುಚ್ಚಿಟ್ಟು, ತಟ್ಟೆಯ ಮೇಲೆ ತಟ್ಟೆಯನ್ನು ಕಳುಹಿಸಿದರೆ ಉಪಾಹಾರವಾಯಿತೇ ಹೊರತು ಉಪಚಾರವಾಗಲಿಲ್ಲ.

ಮನೆಯ ಗಂಡಸರಿಗೂ ಹುಡುಗರಿಗೂ ಒಂದು ಮಾತು. ಕಡಲೆಕಾಯಿಯ ಸಿಪ್ಪೆ ಕೇರುವುದು, ತುಪ್ಪ ಸಕ್ಕರೆಗಳನ್ನು ತಿಕ್ಕುವುದು, ಹಿಟ್ಟನ್ನು ಜರಡಿ ಹಿಡಿಯುವುದು, ಕೊನೆಯಲ್ಲಿ ಲೋಟ ತಟ್ಟೆಗಳನ್ನು ತೊಳೆದು ಒರಸಿ ಮೇಲಿಡುವುದು ಇವು ನಿಮ್ಮ ಪಾಲಿಗೆ ಬರಲಿ. ಏಳೆಂಟು ನಿಮಿಷ ತುಪ್ಪವನ್ನು ತಿಕ್ಕುವ ಕೆಲಸಕ್ಕೆ ಬಲವಾದ ತೋಳೇ ಬೇಕು. ಭೀಮನ ಹೆಸರನ್ನು ಸುಮ್ಮನೆ ಹೇಳಲಿಲ್ಲ. ಮೊದಲ ಸಲ ಇಷ್ಟೆಲ್ಲವನ್ನೂ ಮಾಡಲು ಧೈರ್ಯ ಸಾಲದವರು ನಾನ್‌ಖಟಾಯಿ, ಕೋಸಂಬರಿ ಎರಡನ್ನೇ ಮಾಡಿ ನೋಡಲಿ. ಹದಿನೈದು ಮಂದಿಯ ನಡುವೆ ಮನೆಯಾಕೆಗೂ ಒಂದು ಕುರ್ಚಿ ಹಾಕಿ, ಮೊದಲ ದೊನ್ನೆಯನ್ನು ಆಕೆಯ ಕೈಗೆ ಕೊಟ್ಟು, ಆಮೇಲೆ ಉಳಿದವರಿಗೆ ಹಂಚಲು ಎದ್ದರೆ ಸಾಕು.